ಅಮೆರಿಕದಲ್ಲಿ ಈಗ ಗಂಟೆ ಎಷ್ಟು? ಒಂದು ಗಂಟೆಯೂ ತಪ್ಪದಂತೆ ಲೆಕ್ಕ ಹಾಕುವ ಸಮಗ್ರ ಮಾರ್ಗದರ್ಶಿ

ಮಾರ್ಚ್ ಎರಡನೇ ವಾರ ಬಂತೆಂದರೆ ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಎಡವಟ್ಟು. ಅಮ್ಮ ದಿನಾ ಮಾಡುವ ಹೊತ್ತಿಗೇ ವಿಡಿಯೊ ಕಾಲ್ ಮಾಡುತ್ತಾರೆ, ಡಲ್ಲಾಸ್‌ನಲ್ಲಿರುವ ಮಗಳು ಆಗಲೇ ಆಫೀಸಿಗೆ ಹೊರಟಿರುತ್ತಾಳೆ. ಸಕಲೇಶಪುರದ ಮನೆಯಿಂದಲೇ ಕಂಪನಿ ಕೆಲಸ ಮಾಡುವ ಹುಡುಗ ಮೀಟಿಂಗಿಗೆ ಒಂದು ಗಂಟೆ ತಡವಾಗಿ ಸೇರುತ್ತಾನೆ. ರಾತ್ರಿ ಹನ್ನೊಂದೂವರೆಗೆ ನ್ಯೂಯಾರ್ಕಿನ ಅರೇಬಿಕಾ ಕಾಫಿ ರೇಟು ನೋಡೋಣವೆಂದು ಮೊಬೈಲ್ ತೆಗೆದ ಬೆಳೆಗಾರರಿಗೆ ಪೇಟೆ ಅರ್ಧ ಗಂಟೆ ಹಿಂದೆಯೇ ಮುಚ್ಚಿದ್ದು ಗೊತ್ತಾಗುತ್ತದೆ. ನವೆಂಬರ್ ಮೊದಲ ವಾರದಲ್ಲಿ ಇದೇ ತಪ್ಪು ಉಲ್ಟಾ ಆಗುತ್ತದೆ.

ಕಾರಣ ಒಂದೇ. ಎಲ್ಲರೂ ಒಂದು ಸಂಖ್ಯೆಯನ್ನು ಬಾಯಿಪಾಠ ಮಾಡಿಟ್ಟುಕೊಂಡಿರುತ್ತಾರೆ: "ಅಮೆರಿಕ ಅಂದ್ರೆ ಹತ್ತೂವರೆ ಗಂಟೆ ಹಿಂದೆ." ಆ ಸಂಖ್ಯೆ ಸುಳ್ಳಲ್ಲ. ಆದರೆ ಅದು ಕೆಲವು ಊರುಗಳಿಗೆ, ವರ್ಷದ ಒಂದು ಭಾಗಕ್ಕೆ ಮಾತ್ರ ಸರಿ. ಇಲ್ಲಿ ಬಿಡಿಸಿ ಹೇಳಿರುವುದು ಉತ್ತರ ಅಮೆರಿಕ ಖಂಡದ ಲೆಕ್ಕ, ಜೊತೆಗೆ ಕಾಫಿಯವರಿಗೆ ಬೇಕಾಗುವಷ್ಟು ಲಂಡನ್. ಹಂತಗಳ ಅನುಕ್ರಮವೇ ಇಲ್ಲಿ ಮುಖ್ಯ. ಮೊದಲು ಊರು, ಆಮೇಲೆ ತಾರೀಖು, ಆಮೇಲೆ ಅಂತರ, ಕೊನೆಗೆ ಕೂಡಿ ಕಳೆಯುವುದು. ಹೆಚ್ಚಿನವರು ಮೂರನೆಯದರಿಂದ ಶುರು ಮಾಡಿ ಕೆಡುತ್ತಾರೆ.

ಬೇಕಾಗುವ ಸಾಮಾನು

ಇಂಟರ್ನೆಟ್ ಇರುವ ಒಂದು ಮೊಬೈಲ್, ಗೋಡೆಯ ಕ್ಯಾಲೆಂಡರ್, ಒಂದು ಕೆಂಪು ಪೆನ್ನು, ಅಂಗೈ ಅಗಲದ ಗಟ್ಟಿ ಕಾಗದ. ಮಳೆಗಾಲದಲ್ಲಿ ಎರಡೆರಡು ದಿನ ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ ಎನ್ನುವ ಮಲೆನಾಡಿನ ಊರುಗಳಲ್ಲಿ ಆ ಕಾಗದವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಎರಡನೇ ಗೋಡೆ ಗಡಿಯಾರ ತಂದು "ಅಮೆರಿಕ" ಎಂದು ಚೀಟಿ ಅಂಟಿಸುವವರಿದ್ದಾರೆ. ಬೇಡ. ವರ್ಷಕ್ಕೆ ಎರಡು ಸಲ ಅದನ್ನು ಕೈಯಾರೆ ತಿರುಗಿಸಬೇಕು, ತಿರುಗಿಸಿದ್ದೇವೋ ಇಲ್ಲವೋ ಎಂಬುದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಹಂತ 1: ದೇಶ ಸಾಲದು, ರಾಜ್ಯವೂ ಸಾಲದು, ಊರಿನ ಹೆಸರು ಕೇಳಿ

ನಮ್ಮ ದೇಶಕ್ಕೆಲ್ಲ ಒಂದೇ ಸಮಯ: ಜಗತ್ತಿಗೆಲ್ಲ ಅಳತೆಗೋಲಾದ, ಗ್ರೀನಿಚ್ ಆಧಾರದ ಯುಟಿಸಿ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಅದು ವರ್ಷವಿಡೀ ಬದಲಾಗುವುದಿಲ್ಲ. ಅಮೆರಿಕದ ಮುಖ್ಯ ಭೂಭಾಗದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಸಮಯದ ನಾಲ್ಕು ಪಟ್ಟಿಗಳಿವೆ (ಟೈಮ್ ಝೋನ್): ಈಸ್ಟರ್ನ್, ಸೆಂಟ್ರಲ್, ಮೌಂಟನ್, ಪೆಸಿಫಿಕ್. ಅಲಾಸ್ಕ, ಹವಾಯಿ ಬೇರೆ. ಕೆನಡಾದ ಪೂರ್ವ ತುದಿಯಲ್ಲಿ ಅಟ್ಲಾಂಟಿಕ್, ನ್ಯೂಫೌಂಡ್‌ಲ್ಯಾಂಡ್ ಎಂದು ಇನ್ನೆರಡು.

ಈ ಪಟ್ಟಿಗಳ ಗಡಿ ರಾಜ್ಯಗಳ ಗಡಿಯನ್ನು ಅನುಸರಿಸುವುದಿಲ್ಲ. ಟೆಕ್ಸಾಸ್‌ನ ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಸೆಂಟ್ರಲ್. ಅದೇ ರಾಜ್ಯದ ಎಲ್ ಪಾಸೊ ಮೌಂಟನ್. ಟೆನೆಸಿಯ ನ್ಯಾಶ್‌ವಿಲ್ ಸೆಂಟ್ರಲ್, ನಾಕ್ಸ್‌ವಿಲ್ ಈಸ್ಟರ್ನ್. ಫ್ಲಾರಿಡಾ ಬಹುಪಾಲು ಈಸ್ಟರ್ನ್, ಪಶ್ಚಿಮ ತುದಿಯ ಪೆನ್ಸಕೋಲ ಸೆಂಟ್ರಲ್. ಇಂಡಿಯಾನಾಪೊಲಿಸ್ ಈಸ್ಟರ್ನ್ ಆದರೆ ಶಿಕಾಗೊಗೆ ಅಂಟಿಕೊಂಡಿರುವ ಗ್ಯಾರಿ ಸೆಂಟ್ರಲ್. "ಮಗ ಟೆನೆಸಿಯಲ್ಲಿದ್ದಾನೆ" ಎಂದರೆ ಲೆಕ್ಕ ಅಲ್ಲಿಗೇ ನಿಂತಿತು, ಯಾವ ಊರು ಎಂದು ಕೇಳಲೇಬೇಕು.

ಒಂದೇ ಹೆಸರಿನ ಊರುಗಳ ಬಗ್ಗೆಯೂ ಎಚ್ಚರ. ಪೋರ್ಟ್‌ಲ್ಯಾಂಡ್ ಎಂಬ ಹೆಸರಿನಲ್ಲಿ ಆರೆಗಾನ್‌ನಲ್ಲಿ ಒಂದು ನಗರವಿದೆ, ಮೇನ್ ರಾಜ್ಯದಲ್ಲಿ ಇನ್ನೊಂದು. ಎರಡರ ನಡುವೆ ಮೂರು ಗಂಟೆ ವ್ಯತ್ಯಾಸ. ಮೊಬೈಲಿನಲ್ಲಿ ಊರು ಸೇರಿಸುವಾಗ ಮೊದಲು ಕಂಡದ್ದನ್ನು ಒತ್ತಬೇಡಿ, ಪಕ್ಕದಲ್ಲಿರುವ ರಾಜ್ಯದ ಹೆಸರನ್ನೂ ಓದಿ.

ಹಂತ 2: ಆ ತಾರೀಖಿಗೆ ಅಲ್ಲಿ ಯಾವ ಗಡಿಯಾರ ಎಂದು ನೋಡಿ

ಡೇಲೈಟ್ ಸೇವಿಂಗ್ ಎಂದರೆ ವರ್ಷದ ಒಂದು ಭಾಗದಲ್ಲಿ ಊರಿನ ಎಲ್ಲ ಗಡಿಯಾರಗಳನ್ನೂ ಒಂದು ಗಂಟೆ ಮುಂದಿಡುವುದು. ಆ ಅವಧಿಯನ್ನು ಇಲ್ಲಿ ಬೇಸಿಗೆ ಗಡಿಯಾರ ಎನ್ನೋಣ, ಉಳಿದದ್ದನ್ನು ಚಳಿಗಾಲದ ಗಡಿಯಾರ. ಬೇಸಿಗೆ ಎಂದ ಕೂಡಲೇ ನಮ್ಮ ಏಪ್ರಿಲ್–ಮೇ ನೆನಪಾದರೆ ಕೆಟ್ಟಿತು. ಅದು ಸುಮಾರು ಎಂಟು ತಿಂಗಳು: ನಮ್ಮ ಯುಗಾದಿ, ಮುಂಗಾರು, ಗೌರಿ ಗಣೇಶ, ದಸರಾ ಎಲ್ಲವೂ ಸಾಮಾನ್ಯವಾಗಿ ಅದರೊಳಗೇ ಬರುತ್ತವೆ. ದೀಪಾವಳಿ ಮಾತ್ರ ಗಡಿಯ ಮೇಲಿದೆ. 2026ರಲ್ಲಿ ಅದು ನವೆಂಬರ್ 8ರ ಆಸುಪಾಸು, ಗಡಿಯಾರ ಹಿಂದಕ್ಕೆ ಹೋದ ಮೇಲೆ. 2027ರಲ್ಲಿ ಅಕ್ಟೋಬರ್ ಕೊನೆಗೆ, ಹಿಂದಕ್ಕೆ ಹೋಗುವ ಮೊದಲು. ಹೋದ ವರ್ಷ ಹಬ್ಬದ ದಿನ ಕರೆ ಮಾಡಿದ ಹೊತ್ತು ಈ ವರ್ಷಕ್ಕೆ ಸರಿಹೋಗುತ್ತದೆಂದು ಹೇಳಲಾಗದು.

ಅಮೆರಿಕದ ನಿಯಮ 2007ರಿಂದ ಹೀಗಿದೆ: ಮಾರ್ಚ್ ತಿಂಗಳ ಎರಡನೇ ಭಾನುವಾರ ಮುಂದಕ್ಕೆ, ನವೆಂಬರ್ ತಿಂಗಳ ಮೊದಲ ಭಾನುವಾರ ಹಿಂದಕ್ಕೆ. ಕೆಂಪು ಪೆನ್ನಿನಿಂದ ಗುರುತು ಹಾಕಬೇಕಾದ ದಿನಗಳು:

2026: ಮಾರ್ಚ್ 8, ನವೆಂಬರ್ 1
2027: ಮಾರ್ಚ್ 14, ನವೆಂಬರ್ 7
2028: ಮಾರ್ಚ್ 12, ನವೆಂಬರ್ 5

ಮಾರ್ಚ್ ಒಂದನೇ ತಾರೀಖು ಯಾವ ವಾರವೋ ನವೆಂಬರ್ ಒಂದೂ ಅದೇ ವಾರ. ಹಾಗಾಗಿ ಮಾರ್ಚ್ ತಾರೀಖಿನಿಂದ ಏಳು ಕಳೆದರೆ ನವೆಂಬರ್ ತಾರೀಖು ಸಿಗುತ್ತದೆ. ಒಂದನ್ನು ಗುರುತು ಹಾಕಿಕೊಂಡರೆ ಇನ್ನೊಂದನ್ನು ಹುಡುಕಬೇಕಾಗಿಲ್ಲ.

ಬದಲಾವಣೆ ಅಲ್ಲಿನ ಬೆಳಗಿನ ಜಾವ 2 ಗಂಟೆಗೆ, ಪ್ರತಿಯೊಂದು ಪಟ್ಟಿಯಲ್ಲೂ ಅದರದೇ 2 ಗಂಟೆ ಬಂದಾಗ. ನಮ್ಮ ಗಡಿಯಾರದಲ್ಲಿ ಅದು ಮಾರ್ಚ್ ಭಾನುವಾರ ನ್ಯೂಯಾರ್ಕಿಗೆ ಮಧ್ಯಾಹ್ನ 12:30, ಶಿಕಾಗೊಗೆ 1:30, ಕ್ಯಾಲಿಫೋರ್ನಿಯಾಕ್ಕೆ 3:30. ನವೆಂಬರ್ ಭಾನುವಾರ ನ್ಯೂಯಾರ್ಕಿಗೆ ಬೆಳಗ್ಗೆ 11:30, ಕ್ಯಾಲಿಫೋರ್ನಿಯಾಕ್ಕೆ ಮಧ್ಯಾಹ್ನ 2:30. ಅಂದರೆ ಆ ಭಾನುವಾರ ನಮ್ಮ ಬೆಳಗಿನ ಕರೆಗೆ ಹಳೆಯ ಲೆಕ್ಕ, ರಾತ್ರಿಯ ಕರೆಗೆ ಹೊಸ ಲೆಕ್ಕ. ಮಧ್ಯಾಹ್ನ ಯಾವ ಭೇಟಿಯನ್ನೂ ಇಟ್ಟುಕೊಳ್ಳದಿರುವುದೇ ಜಾಣತನ. ಮಾರ್ಚ್‌ನ ಆ ದಿನ ನ್ಯೂಯಾರ್ಕ್ ಮುಂದೆ ಹೋಗಿ ಶಿಕಾಗೊ ಇನ್ನೂ ಹೋಗದ ಒಂದು ಗಂಟೆ ಕಾಲ ಎರಡೂ ಊರುಗಳ ನಡುವೆ ಎರಡು ಗಂಟೆ ವ್ಯತ್ಯಾಸವಿರುತ್ತದೆ. ನವೆಂಬರ್‌ನಲ್ಲಿ ಅದೇ ಒಂದು ಗಂಟೆ ಕಾಲ ಎರಡೂ ಗಡಿಯಾರ ಒಂದೇ ಹೊತ್ತು ತೋರಿಸುತ್ತವೆ.

ಈ ಬದಲಾವಣೆ ತಗಲದ ಜಾಗಗಳನ್ನೂ ತಿಳಿದಿರಬೇಕು. ಹವಾಯಿ ಬದಲಾಗುವುದಿಲ್ಲ. ಅರಿಜೋನ ಬದಲಾಗುವುದಿಲ್ಲ, ಆದರೆ ಅದರ ಈಶಾನ್ಯದಲ್ಲಿರುವ ನವಾಹೊ ಜನರ ಪ್ರದೇಶ ಬದಲಾಗುತ್ತದೆ. ಆ ಪ್ರದೇಶದ ನಡುವೆಯೇ ಇರುವ ಹೋಪಿ ಜನರ ಪ್ರದೇಶ ಮತ್ತೆ ಬದಲಾಗುವುದಿಲ್ಲ. ಫೀನಿಕ್ಸ್‌ನಲ್ಲಿರುವವರಿಗೆ ಈ ಗೋಜಲು ಬೇಕಿಲ್ಲ, ಅವರದು ವರ್ಷವಿಡೀ ಒಂದೇ ಹೊತ್ತು. ಕೆನಡಾದ ಸಸ್ಕಾಚೆವಾನ್‌ನ ಬಹುಭಾಗ ಬದಲಾಗುವುದಿಲ್ಲ. ಅದೇ ದೇಶದ ಯೂಕಾನ್ 2020ರಿಂದ ನಿಲ್ಲಿಸಿದೆ. ಮೆಕ್ಸಿಕೊ 2022ರಲ್ಲಿ ಡೇಲೈಟ್ ಸೇವಿಂಗ್ ಕೈಬಿಟ್ಟಿತು, ಆದರೆ ಟಿಹುವಾನಾದಂಥ ಅಮೆರಿಕದ ಗಡಿಯ ಊರುಗಳು ಆಚೆ ಬದಿಯ ಜೊತೆಗೇ ಈಗಲೂ ಬದಲಾಗುತ್ತವೆ.

ಇಂಥ ಕಾನೂನುಗಳು ಆಗಾಗ ತಿದ್ದುಪಡಿಯಾಗುತ್ತಲೇ ಇರುತ್ತವೆ. ಹಾಗಾಗಿ ಪ್ರತಿ ಫೆಬ್ರವರಿ ಕೊನೆಗೆ ಮತ್ತು ಅಕ್ಟೋಬರ್ ಮಧ್ಯಕ್ಕೆ ಒಮ್ಮೆ ನಿಮ್ಮ ಊರಿನ ನಿಯಮ ಹಾಗೇ ಇದೆಯೇ ಎಂದು ಖಚಿತ ಮಾಡಿಕೊಳ್ಳಿ.

ಹಂತ 3: ಅಂತರ ಬರೆದಿಟ್ಟುಕೊಳ್ಳಿ

ಕಾಗದದ ಮೇಲೆ ಬರೆಯಬೇಕಾದದ್ದು ಇದು. ಮೊದಲ ಸಂಖ್ಯೆ ಬೇಸಿಗೆ ಗಡಿಯಾರಕ್ಕೆ, ಎರಡನೆಯದು ಚಳಿಗಾಲಕ್ಕೆ. ಎಲ್ಲವೂ ನಮಗಿಂತ ಎಷ್ಟು ಗಂಟೆ ಹಿಂದೆ ಎಂಬ ಲೆಕ್ಕ.

ಸೇಂಟ್ ಜಾನ್ಸ್ (ನ್ಯೂಫೌಂಡ್‌ಲ್ಯಾಂಡ್): 8:00, 9:00
ಹ್ಯಾಲಿಫ್ಯಾಕ್ಸ್ (ಅಟ್ಲಾಂಟಿಕ್): 8:30, 9:30
ನ್ಯೂಯಾರ್ಕ್, ಬಾಸ್ಟನ್, ಅಟ್ಲಾಂಟ, ಡೆಟ್ರಾಯ್ಟ್, ಟೊರಾಂಟೊ (ಈಸ್ಟರ್ನ್): 9:30, 10:30
ಶಿಕಾಗೊ, ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ (ಸೆಂಟ್ರಲ್): 10:30, 11:30
ಡೆನ್ವರ್, ಸಾಲ್ಟ್ ಲೇಕ್ ಸಿಟಿ (ಮೌಂಟನ್): 11:30, 12:30
ಸ್ಯಾನ್ ಫ್ರಾನ್ಸಿಸ್ಕೊ, ಸ್ಯಾನ್ ಹೊಸೆ, ಲಾಸ್ ಏಂಜಲೀಸ್, ಸಿಯಾಟಲ್ (ಪೆಸಿಫಿಕ್): 12:30, 13:30
ಆಂಕರೇಜ್ (ಅಲಾಸ್ಕ): 13:30, 14:30
ಬದಲಾಗದವು: ಮೆಕ್ಸಿಕೊ ಸಿಟಿ, ರೆಜೈನಾ (ಸಸ್ಕಾಚೆವಾನ್) 11:30, ಫೀನಿಕ್ಸ್ (ಅರಿಜೋನ) 12:30, ಹೊನೊಲುಲು (ಹವಾಯಿ) 15:30

ಇಷ್ಟನ್ನೂ ನೆನಪಿಡಬೇಕಿಲ್ಲ. ನ್ಯೂಯಾರ್ಕಿನ ಬೇಸಿಗೆಯ ಒಂಬತ್ತೂವರೆ ಒಂದನ್ನು ಹಿಡಿದಿಟ್ಟುಕೊಳ್ಳಿ. ಪಶ್ಚಿಮಕ್ಕೆ ಒಂದು ಪಟ್ಟಿ ಸರಿದಂತೆಲ್ಲ ಒಂದು ಗಂಟೆ ಸೇರಿಸಿ, ಚಳಿಗಾಲವಾದರೆ ಇನ್ನೊಂದು ಸೇರಿಸಿ. ಒಂದು ಪಟ್ಟಿಯ ಚಳಿಗಾಲದ ಸಂಖ್ಯೆಯೇ ಮುಂದಿನ ಪಟ್ಟಿಯ ಬೇಸಿಗೆಯ ಸಂಖ್ಯೆ.

ಹಂತ 4: ಹಗಲು–ರಾತ್ರಿ ಅದಲುಬದಲು ಮಾಡಿ ಬಾಯಿಲೆಕ್ಕ ಹಾಕಿ

ಹತ್ತೂವರೆ, ಹನ್ನೊಂದೂವರೆ ಗಂಟೆ ಬಾಯಲ್ಲಿ ಕಳೆಯುವುದು ಕಷ್ಟ. ಅದರ ಬದಲು ಬೆಳಗ್ಗೆಯನ್ನು ರಾತ್ರಿ ಮಾಡಿ, ರಾತ್ರಿಯನ್ನು ಬೆಳಗ್ಗೆ ಮಾಡಿ. ಹಾಗೆ ಮಾಡಿದರೆ ಹನ್ನೆರಡು ಗಂಟೆ ಕಳೆದಂತಾಯಿತು. ಉಳಿದ ಚಿಲ್ಲರೆಯನ್ನು ಮಾತ್ರ ಸರಿಮಾಡಬೇಕು.

ಈಸ್ಟರ್ನ್: ಬೇಸಿಗೆಯಲ್ಲಿ ಎರಡೂವರೆ ಗಂಟೆ ಕೂಡಿ, ಚಳಿಗಾಲದಲ್ಲಿ ಒಂದೂವರೆ ಕೂಡಿ.
ಸೆಂಟ್ರಲ್: ಬೇಸಿಗೆಯಲ್ಲಿ ಒಂದೂವರೆ ಕೂಡಿ, ಚಳಿಗಾಲದಲ್ಲಿ ಅರ್ಧ ಕೂಡಿ.
ಮೌಂಟನ್: ಬೇಸಿಗೆಯಲ್ಲಿ ಅರ್ಧ ಕೂಡಿ, ಚಳಿಗಾಲದಲ್ಲಿ ಅರ್ಧ ಕಳೆಯಿರಿ.
ಪೆಸಿಫಿಕ್: ಬೇಸಿಗೆಯಲ್ಲಿ ಅರ್ಧ ಕಳೆಯಿರಿ, ಚಳಿಗಾಲದಲ್ಲಿ ಒಂದೂವರೆ ಕಳೆಯಿರಿ.

ನಮ್ಮ ರಾತ್ರಿ 8 ಗಂಟೆ, ಊರು ಡಲ್ಲಾಸ್, ತಿಂಗಳು ಜನವರಿ. ರಾತ್ರಿ 8 ಬೆಳಗ್ಗೆ 8 ಆಯಿತು, ಅರ್ಧ ಕೂಡಿದರೆ ಅಲ್ಲಿ ಬೆಳಗ್ಗೆ 8:30, ಅದೇ ದಿನ. ನಮ್ಮ ಬೆಳಗ್ಗೆ 7, ಊರು ಸಿಯಾಟಲ್, ತಿಂಗಳು ಜುಲೈ. ಬೆಳಗ್ಗೆ 7 ಸಂಜೆ 7 ಆಯಿತು, ಅರ್ಧ ಕಳೆದರೆ 6:30. ಆದರೆ ಇದು ಹಿಂದಿನ ದಿನದ ಸಂಜೆ.

ತಾರೀಖಿನ ನಿಯಮ: ನಮ್ಮ ಬೆಳಗ್ಗೆಯಿಂದ ಹೊರಟರೆ ಅಲ್ಲಿ ಹಿಂದಿನ ದಿನ, ನಮ್ಮ ಮಧ್ಯಾಹ್ನದ ನಂತರದಿಂದ ಹೊರಟರೆ ಅದೇ ದಿನ. ಚಿಲ್ಲರೆ ಕೂಡುವಾಗ ಕಳೆಯುವಾಗ ಮಧ್ಯರಾತ್ರಿ ದಾಟಿದರೆ ಮಾತ್ರ ತಾರೀಖನ್ನೂ ಒಂದು ಸರಿಸಿ. ನಮ್ಮ ಬೆಳಗ್ಗೆ 11 ನ್ಯೂಯಾರ್ಕಿನ ಬೇಸಿಗೆಯಲ್ಲಿ ರಾತ್ರಿ 11ಕ್ಕೆ ಎರಡೂವರೆ ಕೂಡಿ 1:30 ಆಗುತ್ತದೆ. ಮಧ್ಯರಾತ್ರಿ ದಾಟಿದ್ದರಿಂದ ಅದು ನಮ್ಮದೇ ತಾರೀಖು. ನಮ್ಮ ಮಧ್ಯಾಹ್ನ 1 ಗಂಟೆ ಕ್ಯಾಲಿಫೋರ್ನಿಯಾದ ಚಳಿಗಾಲದಲ್ಲಿ ಹಿಂದಿನ ರಾತ್ರಿ 11:30.

ಹೆಚ್ಚು ಜನ ಎಡವುವುದು ಗಂಟೆಯಲ್ಲಲ್ಲ, ವಾರದಲ್ಲಿ. ಅಲ್ಲಿಯವರು "ಶನಿವಾರ ರಾತ್ರಿ ಒಂಬತ್ತಕ್ಕೆ ಮಾತಾಡೋಣ" ಎಂದರೆ ಇಲ್ಲಿ ಅದು ಭಾನುವಾರ ಬೆಳಗ್ಗೆ. ಶನಿವಾರ ರಾತ್ರಿಯೇ ಕಾದು ಕುಳಿತರೆ ಯಾರೂ ಬರುವುದಿಲ್ಲ.

ಹಂತ 5: ಆ ಭೇಟಿ ಯಾರ ಗಡಿಯಾರಕ್ಕೆ ಕಟ್ಟಿದ್ದು ಎಂದು ಕೇಳಿ

ಇದು ಯಾರೂ ಕೇಳದ ಪ್ರಶ್ನೆ, ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೂ ಇದೇ. ವಾರವಾರ ನಡೆಯುವ ಯಾವುದೇ ಮೀಟಿಂಗ್, ಆನ್‌ಲೈನ್ ಸಂಗೀತ ಪಾಠ, ಅಜ್ಜಿಯ ಜೊತೆಗಿನ ಭಾನುವಾರದ ಕರೆ, ಯಾವುದೋ ಒಂದು ಊರಿನ ಗಡಿಯಾರಕ್ಕೆ ಕಟ್ಟಿರುತ್ತದೆ. ಆ ಊರಿನವರಿಗೆ ಹೊತ್ತು ಬದಲಾಗುವುದಿಲ್ಲ. ಇನ್ನೊಬ್ಬರಿಗೆ ಬದಲಾಗುತ್ತದೆ.

ಮ್ಯಾನೇಜರ್ ನ್ಯೂಯಾರ್ಕಿನಲ್ಲಿ ಕುಳಿತು ಸೋಮವಾರ ಬೆಳಗ್ಗೆ 9ಕ್ಕೆ ಎಂದು ಇಟ್ಟರೆ, ನಿಮಗೆ ಚಳಿಗಾಲದಲ್ಲಿ ಸಂಜೆ 7:30. 2026ರಲ್ಲಾದರೆ ಮಾರ್ಚ್ 9ರ ಸೋಮವಾರದಿಂದ 6:30. ಅದೇ ಮೀಟಿಂಗನ್ನು ನೀವು ಇಲ್ಲಿಂದ 7:30ಕ್ಕೆ ಇಟ್ಟಿದ್ದರೆ ನಿಮಗೆ 7:30 ಹಾಗೇ ಉಳಿಯುತ್ತದೆ, ಅವರಿಗೆ 9 ಇದ್ದದ್ದು 10 ಆಗುತ್ತದೆ. ಎರಡರಲ್ಲಿ ಒಂದೂ ತಪ್ಪಲ್ಲ. ಯಾವುದು ಎಂದು ಮೊದಲೇ ಮಾತಾಡಿಕೊಳ್ಳದಿರುವುದು ತಪ್ಪು.

ಹಾಸನದಲ್ಲಿ ಕುಳಿತು ಅಮೆರಿಕದ ಮಕ್ಕಳಿಗೆ ವೀಣೆ, ಭರತನಾಟ್ಯ, ಗಣಿತ ಹೇಳಿಕೊಡುವವರಿಗೆ ಒಂದು ಸಲಹೆ: ಪಾಠವನ್ನು ಮಗುವಿನ ಊರಿನ ಗಡಿಯಾರಕ್ಕೇ ಕಟ್ಟಿ. ಮಗುವಿನ ಶಾಲೆ, ಊಟ, ನಿದ್ದೆ ಎಲ್ಲವೂ ಆ ಗಡಿಯಾರದ ಜೊತೆ ಸರಿಯುತ್ತವೆ. ನಿಮ್ಮ ಒಂದು ಗಂಟೆ ಸರಿಸುವುದು ಅದಕ್ಕಿಂತ ಸುಲಭ. ಆದರೆ ಒಂದೇ ದಿನ ಟೆಕ್ಸಾಸ್, ಅರಿಜೋನ ಎರಡೂ ಕಡೆಯ ಮಕ್ಕಳಿದ್ದರೆ ಮಾರ್ಚ್‌ನಲ್ಲಿ ಒಬ್ಬರ ಪಾಠ ಒಂದು ಗಂಟೆ ಮುಂಚೆ ಬಂದು ಇನ್ನೊಬ್ಬರ ಪಾಠದ ಮೇಲೆ ಬೀಳಬಹುದು. ಫೆಬ್ರವರಿಯಲ್ಲೇ ಪಾಠಗಳ ವೇಳಾಪಟ್ಟಿ ಹರಡಿಕೊಂಡು ನೋಡಿ.

ಕ್ಯಾಲೆಂಡರಿನಲ್ಲಿ ಇದನ್ನು ಸರಿಯಾಗಿ ಕಟ್ಟುವುದು ಹೀಗೆ. ಗೂಗಲ್ ಕ್ಯಾಲೆಂಡರ್‌ನಲ್ಲಿ ಹೊಸ ಭೇಟಿ ಬರೆಯುವಾಗ ಸಮಯದ ಬಳಿ ಟೈಮ್ ಝೋನ್ ಆರಿಸುವ ಜಾಗವಿದೆ. ಅಲ್ಲಿ ಅವರ ಊರಿನ ಪಟ್ಟಿಯನ್ನು ಆರಿಸಿ, ಅವರ ಗಂಟೆಯನ್ನೇ ಬರೆಯಿರಿ. ನಿಮ್ಮ ಮೊಬೈಲ್ ಅದನ್ನು ನಮ್ಮ ಸಮಯಕ್ಕೆ ತಾನೇ ತಿರುಗಿಸಿ ತೋರಿಸುತ್ತದೆ, ಮಾರ್ಚ್‌ನಲ್ಲಿ ತಾನೇ ಸರಿಸುತ್ತದೆ. ನೀವೇ ಲೆಕ್ಕ ಹಾಕಿ ನಮ್ಮ ಗಂಟೆಯಲ್ಲಿ ಬರೆದು ಪ್ರತಿವಾರ ಎಂದು ಒತ್ತಿದರೆ ಅದು ಕೆಡಲು ಕಾಯುತ್ತಿರುವ ಭೇಟಿ. ನಮ್ಮ ಸಮಯ ಆ ಪಟ್ಟಿಯಲ್ಲಿ ಕೋಲ್ಕತಾ ಹೆಸರಿನಲ್ಲಿರುತ್ತದೆ, ಬೆಂಗಳೂರು ಎಂದು ಹುಡುಕಿ ಸಿಗಲಿಲ್ಲವೆಂದು ಬೇರೆ ಏನನ್ನೋ ಒತ್ತಬೇಡಿ.

ಹಂತ 6: ಮೊಬೈಲ್, ಕಂಪ್ಯೂಟರ್ ಸರಿ ಇದೆಯೇ ನೋಡಿ

ಮೊಬೈಲಿನ ಗಡಿಯಾರದ ಆ್ಯಪಿನಲ್ಲಿ ವರ್ಲ್ಡ್ ಕ್ಲಾಕ್ ತೆರೆದು ಊರು ಸೇರಿಸಿ. ಸೆಟ್ಟಿಂಗ್ಸ್‌ನಲ್ಲಿ ದಿನಾಂಕ ಮತ್ತು ಸಮಯ ತಾನೇ ಹೊಂದಿಕೊಳ್ಳುವ ಆಯ್ಕೆ ಚಾಲೂ ಇರಲಿ.

ವರ್ಷಗಟ್ಟಲೆ ಅಪ್‌ಡೇಟ್ ಕಾಣದ ಹಳೆಯ ಮೊಬೈಲುಗಳಲ್ಲಿ ಹಳೆಯ ನಿಯಮವೇ ಉಳಿದಿರುತ್ತದೆ. ಅಂಥದ್ದರಲ್ಲಿ ಮೆಕ್ಸಿಕೊ ಸಿಟಿ ಏಪ್ರಿಲ್ ನಂತರ ಒಂದು ಗಂಟೆ ತಪ್ಪು ತೋರಿಸಬಹುದು. ಅನುಮಾನ ಬಂದರೆ ಇಂಟರ್ನೆಟ್ಟಿನಲ್ಲಿ ಆ ಊರಿನ ಸಮಯ ಹುಡುಕಿ ತಾಳೆ ನೋಡಿ.

ವಿಂಡೋಸ್ ಕಂಪ್ಯೂಟರಿನ ಪಟ್ಟಿಯಲ್ಲಿ ಈಸ್ಟರ್ನ್ ಟೈಮ್ ಎದುರು ಯುಟಿಸಿ −05:00 ಎಂದು ವರ್ಷವಿಡೀ ಬರೆದಿರುತ್ತದೆ. ಅದು ಚಳಿಗಾಲದ ಅಂತರ. ಬೇಸಿಗೆಯಲ್ಲಿ −04:00 ಇರಬೇಕಲ್ಲ ಎಂದುಕೊಂಡು −04:00 ಇರುವ ಇನ್ನೊಂದು ಸಾಲನ್ನು ಆರಿಸುವವರಿದ್ದಾರೆ. ಅದು ಬೇರೆಯೇ ಪ್ರದೇಶ. ಹೆಸರನ್ನು ನೋಡಿ ಆರಿಸಿ, ಸಂಖ್ಯೆಯನ್ನು ನೋಡಿ ಅಲ್ಲ.

ಹಂತ 7: ಕಾಫಿ ಟರ್ಮಿನಲ್ ನೋಡುವವರಿಗೆ ಎರಡು ಖಂಡದ ಲೆಕ್ಕ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ ಕಡೆಯ ಬೆಳೆಗಾರರು ನೋಡುವ ಟರ್ಮಿನಲ್, ಅಂದರೆ ಕಾಫಿಯ ವಾಯಿದಾ ಪೇಟೆ, ಎರಡು. ಅರೇಬಿಕಾ ನ್ಯೂಯಾರ್ಕಿನಲ್ಲಿ, ಪೌಂಡಿಗೆ ಇಷ್ಟು ಸೆಂಟ್ ಎಂದು. ರೋಬಸ್ಟಾ ಲಂಡನ್ನಿನಲ್ಲಿ, ಟನ್ನಿಗೆ ಇಷ್ಟು ಡಾಲರ್ ಎಂದು. ಅರೇಬಿಕಾ ವಹಿವಾಟು ನ್ಯೂಯಾರ್ಕಿನ ಬೆಳಗಿನ ಜಾವ 4:15ರಿಂದ ಮಧ್ಯಾಹ್ನ 1:30ರವರೆಗೆ. ರೋಬಸ್ಟಾ ಲಂಡನ್ನಿನ ಬೆಳಗ್ಗೆ 9ರಿಂದ ಸಂಜೆ 5:30ರವರೆಗೆ.

ನಮ್ಮ ಗಡಿಯಾರಕ್ಕೆ ತಿರುಗಿಸಿದರೆ:

ಎರಡೂ ಕಡೆ ಬೇಸಿಗೆ ಗಡಿಯಾರ: ಅರೇಬಿಕಾ ಮಧ್ಯಾಹ್ನ 1:45ರಿಂದ ರಾತ್ರಿ 11, ರೋಬಸ್ಟಾ ಮಧ್ಯಾಹ್ನ 1:30ರಿಂದ ರಾತ್ರಿ 10.
ಎರಡೂ ಕಡೆ ಚಳಿಗಾಲ: ಅರೇಬಿಕಾ ಮಧ್ಯಾಹ್ನ 2:45ರಿಂದ ರಾತ್ರಿ 12, ರೋಬಸ್ಟಾ ಮಧ್ಯಾಹ್ನ 2:30ರಿಂದ ರಾತ್ರಿ 11.

ತೊಡಕು ಇರುವುದು ನಡುವಿನ ವಾರಗಳಲ್ಲಿ. ಬ್ರಿಟನ್ ಮತ್ತು ಯುರೋಪಿನ ಬಹುಪಾಲು ದೇಶಗಳು ಮಾರ್ಚ್ ಕೊನೆಯ ಭಾನುವಾರ ಮುಂದಕ್ಕೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ ಹೋಗುತ್ತವೆ. ಅಲ್ಲಿ ಪಟ್ಟಿಪಟ್ಟಿಗೆ ಬೇರೆ ಹೊತ್ತಿಲ್ಲ, ಎಲ್ಲ ಕಡೆ ಒಂದೇ ಕ್ಷಣ, ನಮ್ಮ ಬೆಳಗ್ಗೆ 6:30. 2026ರಲ್ಲಿ ಮಾರ್ಚ್ 29 ಮತ್ತು ಅಕ್ಟೋಬರ್ 25. 2027ರಲ್ಲಿ ಮಾರ್ಚ್ 28 ಮತ್ತು ಅಕ್ಟೋಬರ್ 31. ಹೀಗಾಗಿ ಮಾರ್ಚ್‌ನಲ್ಲಿ ಎರಡು ಅಥವಾ ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ನ್ಯೂಯಾರ್ಕ್ ಬೇಸಿಗೆಯಲ್ಲಿರುತ್ತದೆ, ಲಂಡನ್ ಚಳಿಗಾಲದಲ್ಲಿರುತ್ತದೆ. ಆಗ ಅರೇಬಿಕಾ 1:45ರಿಂದ 11, ರೋಬಸ್ಟಾ 2:30ರಿಂದ 11. ಉಳಿದ ದಿನಗಳಲ್ಲಿ ರೋಬಸ್ಟಾ ಕಾಲು ಗಂಟೆ ಮೊದಲು ತೆರೆದು ಒಂದು ಗಂಟೆ ಮೊದಲು ಮುಚ್ಚುತ್ತದೆ. ಈ ವಾರಗಳಲ್ಲಿ ಮುಕ್ಕಾಲು ಗಂಟೆ ತಡವಾಗಿ ತೆರೆದು ಎರಡೂ ಒಟ್ಟಿಗೇ ಮುಚ್ಚುತ್ತವೆ.

ಮಾರ್ಚ್ ಎಂದರೆ ರೋಬಸ್ಟಾ ಕಣದಿಂದ ಗೋದಾಮಿಗೆ, ಗೋದಾಮಿನಿಂದ ಲಾರಿಗೆ ಏರುವ ಹೊತ್ತು. ರಾತ್ರಿ ಹತ್ತಕ್ಕೆ ಕಂಡ ಅಂಕಿಯನ್ನು ಮುಕ್ತಾಯದ ಬೆಲೆ ಎಂದುಕೊಂಡು ಫೋನಿನಲ್ಲೇ ಮಾತು ಮುಗಿಸಿಬಿಟ್ಟರೆ, ಇನ್ನೂ ಒಂದು ಗಂಟೆ ವಹಿವಾಟು ಬಾಕಿ ಇರುವಾಗಲೇ ಒಪ್ಪಿಕೊಂಡಂತೆ. ಟರ್ಮಿನಲ್ ಪರದೆಯಲ್ಲಿ ಅಂಕಿ ಇನ್ನೂ ಕದಲುತ್ತಿದ್ದರೆ ಅದು ಮುಕ್ತಾಯದ ಬೆಲೆ ಅಲ್ಲ.

ಹಂತ 8: ಪಂಚಾಂಗ, ಜಾತಕ ತಿರುಗಿಸುವಾಗ

"ಅಮ್ಮ, ಇಲ್ಲಿ ಏಕಾದಶಿ ಯಾವತ್ತು?" ಎಂದು ಮಗಳು ಕೇಳಿದರೆ ಗೋಡೆಯ ಕ್ಯಾಲೆಂಡರ್ ನೋಡಿ ತಾರೀಖು ಹೇಳಿಬಿಡುವುದು ಸರಿಯಲ್ಲ. ಪಂಚಾಂಗದಲ್ಲಿ ಎರಡು ಬಗೆಯ ಹೊತ್ತುಗಳಿವೆ, ಎರಡಕ್ಕೂ ನಿಯಮ ಬೇರೆ.

ತಿಥಿ, ನಕ್ಷತ್ರ ಮುಗಿಯುವ ಕ್ಷಣ ಇಡೀ ಭೂಮಿಗೆ ಒಂದೇ. ಅದನ್ನು ಮೇಲಿನ ಅಂತರ ಕಳೆದು ಧಾರಾಳವಾಗಿ ತಿರುಗಿಸಬಹುದು. ಉದಾಹರಣೆಗೆ ಏಕಾದಶಿ ಇಲ್ಲಿ ಬುಧವಾರ ಬೆಳಗ್ಗೆ 10:15ರವರೆಗೆ ಇದ್ದರೆ, ಡಲ್ಲಾಸ್‌ನ ಬೇಸಿಗೆ ಗಡಿಯಾರದಲ್ಲಿ ಅದು ಮಂಗಳವಾರ ರಾತ್ರಿ 11:45ಕ್ಕೇ ಮುಗಿಯಿತು. ಹಾಸನದಲ್ಲಿ ಬುಧವಾರದ ಸೂರ್ಯೋದಯಕ್ಕೆ ಏಕಾದಶಿ ಇದೆ, ಡಲ್ಲಾಸ್‌ನ ಬುಧವಾರದ ಸೂರ್ಯೋದಯಕ್ಕೆ ದ್ವಾದಶಿ. ಅವಳ ಏಕಾದಶಿ ಮಂಗಳವಾರ. ಸ್ಮಾರ್ತರು, ಮಾಧ್ವರು, ಶ್ರೀವೈಷ್ಣವರು ದಿನ ನಿರ್ಣಯಿಸುವ ಕ್ರಮ ಬೇರೆ ಬೇರೆ. ಕೊನೆಯ ಮಾತು ಮನೆಯ ಪುರೋಹಿತರದ್ದು. ಆದರೆ ಅವರಿಗೂ ಬೇಕಾಗುವುದು ಆ ಊರಿನ ಸೂರ್ಯೋದಯದ ಹೊತ್ತು.

ರಾಹುಕಾಲ, ಯಮಗಂಡ, ಗುಳಿಕಕಾಲಗಳನ್ನು ಮಾತ್ರ ಹಾಗೆ ತಿರುಗಿಸಲೇಬಾರದು. ಅವು ಆಯಾ ಊರಿನ ಸೂರ್ಯೋದಯದಿಂದ ಸೂರ್ಯಾಸ್ತದವರೆಗಿನ ಹಗಲನ್ನು ಎಂಟು ಭಾಗ ಮಾಡಿ ಬರುವಂಥವು. ಶುಕ್ರವಾರ 10:30ರಿಂದ 12 ಎಂಬುದು ಆರರಿಂದ ಆರರ ಹಗಲಿಗೆ. ಜೂನ್ ತಿಂಗಳಲ್ಲಿ ಶಿಕಾಗೊದಲ್ಲಿ ಬೇಸಿಗೆ ಗಡಿಯಾರದ ಪ್ರಕಾರ ಸುಮಾರು 5:15ಕ್ಕೆ ಸೂರ್ಯೋದಯ, ರಾತ್ರಿ 8:30ರ ಸುಮಾರಿಗೆ ಸೂರ್ಯಾಸ್ತ. ಒಂದೊಂದು ಭಾಗವೂ ಹತ್ತಿರ ಹತ್ತಿರ 1 ಗಂಟೆ 54 ನಿಮಿಷ. ಶುಕ್ರವಾರದ ನಾಲ್ಕನೇ ಭಾಗ ಹೆಚ್ಚುಕಡಿಮೆ 11ರಿಂದ 12:50. ಡಿಸೆಂಬರ್‌ನಲ್ಲಿ ಅಲ್ಲಿನ ಹಗಲು ಒಂಬತ್ತು ಗಂಟೆಯ ಆಸುಪಾಸು, ಭಾಗವೂ ಅಷ್ಟೇ ಚಿಕ್ಕದು.

ಮಗು ಅಲ್ಲಿ ಹುಟ್ಟಿದರೆ ಜಾತಕಕ್ಕೆ ಕೊಡಬೇಕಾದದ್ದು ಮೂರು: ಆಸ್ಪತ್ರೆಯ ದಾಖಲೆಯಲ್ಲಿರುವ ಅಲ್ಲಿನ ಸಮಯ, ಊರು, ಆ ದಿನ ಡೇಲೈಟ್ ಸೇವಿಂಗ್ ಇತ್ತೇ ಇಲ್ಲವೇ. ನೀವೇ ನಮ್ಮ ಸಮಯಕ್ಕೆ ತಿರುಗಿಸಿ, ಊರು ಮಾತ್ರ ಅಲ್ಲಿನದು ಎಂದು ಕೊಟ್ಟರೆ ಎಲ್ಲವೂ ತಲೆಕೆಳಗು. ಒಂದು ಗಂಟೆ ತಪ್ಪಿದರೆ ಲಗ್ನ ಸುಮಾರು ಅರ್ಧ ರಾಶಿ ಸರಿಯುತ್ತದೆ, ಎಷ್ಟೋ ಸಲ ಲಗ್ನವೇ ಬೇರೆಯಾಗುತ್ತದೆ. ಜಾತಕದ ಸಾಫ್ಟ್‌ವೇರುಗಳಲ್ಲಿ ಹಲವು ಆ ಒಂದು ಗಂಟೆಯನ್ನು ತಾವೇ ಕಳೆಯುತ್ತವೆ. ಜ್ಯೋತಿಷಿಗಳು ಕೈಯಿಂದ ಮತ್ತೊಮ್ಮೆ ಕಳೆದರೆ ಎರಡು ಸಲ ಕಳೆದಂತಾಗುತ್ತದೆ. ನವೆಂಬರ್‌ನ ಆ ಭಾನುವಾರ ಬೆಳಗಿನ ಜಾವ 1ರಿಂದ 2ರ ನಡುವೆ ಹುಟ್ಟಿದ ಮಗುವಾದರೆ ಇನ್ನೊಂದು ಪ್ರಶ್ನೆ ಇದೆ. ಆ ಗಂಟೆ ಅಲ್ಲಿ ಎರಡು ಸಲ ಬರುತ್ತದೆ. ಮೊದಲನೆಯದೋ ಎರಡನೆಯದೋ ಎಂದು ಆಗಲೇ ಆಸ್ಪತ್ರೆಯಲ್ಲಿ ಕೇಳಿ ಬರೆಸಿಕೊಳ್ಳಬೇಕು.

ಎಚ್ಚರಿಕೆಯ ಗುರುತುಗಳು

ಜುಲೈ ತಿಂಗಳ ಮೇಲ್‌ನಲ್ಲಿ ಇಎಸ್‌ಟಿ ಎಂದು ಬರೆದಿದ್ದರೆ ಅನುಮಾನಿಸಿ. ಅದು ಚಳಿಗಾಲದ ಗಡಿಯಾರದ ಹೆಸರು, ಬೇಸಿಗೆಯದು ಇಡಿಟಿ. ಅಲ್ಲಿಯವರೇ ಅಭ್ಯಾಸಬಲದಿಂದ ಇಎಸ್‌ಟಿ ಎಂದು ಗೀಚುತ್ತಾರೆ, ಅವರ ಮನಸ್ಸಿನಲ್ಲಿರುವುದು ನ್ಯೂಯಾರ್ಕಿನ ಈಗಿನ ಹೊತ್ತು. "ನ್ಯೂಯಾರ್ಕಿನ ಗಡಿಯಾರದಲ್ಲಿ ಎಷ್ಟು ಗಂಟೆ?" ಎಂದು ಮರಳಿ ಕೇಳಿದರೆ ಮುಗಿಯಿತು. ಐಎಸ್‌ಟಿ ಎಂಬುದೂ ನಮ್ಮದೊಂದೇ ಅಲ್ಲ, ಇಸ್ರೇಲ್, ಐರ್ಲೆಂಡ್‌ಗಳಿಗೂ ಅದೇ ಮೂರು ಅಕ್ಷರ. ಸಿಎಸ್‌ಟಿ ಶಿಕಾಗೊದ್ದೂ ಆಗಬಹುದು, ಚೀನಾದ್ದೂ ಆಗಬಹುದು.

03/08/2026 ಎಂದು ಕಂಡರೆ ಅಮೆರಿಕದವರಿಗೆ ಅದು ಮಾರ್ಚ್ 8, ನಮ್ಮ ಕಣ್ಣಿಗೆ ಆಗಸ್ಟ್ 3. ಹೋಮ್‌ಸ್ಟೇ ನಡೆಸುವವರು ವಿದೇಶದ ಬುಕಿಂಗ್ ಬಂದಾಗ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ಖಚಿತಪಡಿಸಿಕೊಳ್ಳಲಿ.

12 ಎಎಂ ಎಂದರೆ ಮಧ್ಯರಾತ್ರಿ, ಆ ತಾರೀಖಿನ ಮೊದಲ ಕ್ಷಣ. 15ನೇ ತಾರೀಖು 12:05 ಎಎಂ ವಿಮಾನ ಹಿಡಿಯಬೇಕಾದರೆ ಚಿಕ್ಕಮಗಳೂರಿನಿಂದ ಕಾರು ಹೊರಡಬೇಕಾದದ್ದು 14ರ ಮಧ್ಯಾಹ್ನ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಎರಡನ್ನೂ ನೇರ ಕಳೆದು ಪ್ರಯಾಣದ ಅವಧಿ ಎನ್ನಬೇಡಿ.

ಸಂದೇಶ ಕಳಿಸುವಾಗ ವಾರ, ತಾರೀಖು, ಎರಡೂ ಊರಿನ ಹೊತ್ತು ನಾಲ್ಕೂ ಇರಲಿ. "ಮಗಾ, ನವೆಂಬರ್ 1, ಭಾನುವಾರ, ನಮಗೆ ರಾತ್ರಿ 8, ನಿಮ್ಮ ಬಾಸ್ಟನ್‌ಗೆ ಬೆಳಗ್ಗೆ 9:30" ಎಂದು ಬರೆದರೆ, ಲೆಕ್ಕ ತಪ್ಪಿದ್ದರೂ ಓದಿದವರಿಗೆ ತಕ್ಷಣ ಗೊತ್ತಾಗುತ್ತದೆ. ಬರೀ "ಎಂಟಕ್ಕೆ ಮಾಡ್ತೀನಿ" ಎಂದರೆ ಗೊತ್ತಾಗುವುದಿಲ್ಲ. ಹಿಂದಿನ ದಿನ, ಅಕ್ಟೋಬರ್ 31ರಂದು ಇದೇ ರಾತ್ರಿ 8 ಅಲ್ಲಿಗೆ 10:30 ಆಗಿತ್ತು.

ಅರ್ಜಿ ಹಾಕುವ ವಿದ್ಯಾರ್ಥಿಗಳಿಗೆ: ಕೊನೆಯ ಗಡುವು ಈಸ್ಟರ್ನ್ ಟೈಮ್ 11:59 ಪಿಎಂ ಎಂದಿದ್ದರೆ ನಮಗೆ ಮರುದಿನ ಬೆಳಗ್ಗೆ 9:29, ಚಳಿಗಾಲದಲ್ಲಿ 10:29. ಕೆಲವು ಸಂಶೋಧನಾ ಸಮ್ಮೇಳನಗಳ ಗಡುವಿನ ಪಕ್ಕದಲ್ಲಿ ಎಒಇ ಎಂದಿರುತ್ತದೆ. ಅದು ಭೂಮಿಯ ಮೇಲೆ ಎಲ್ಲಾದರೂ ಆ ತಾರೀಖು ಉಳಿದಿರುವವರೆಗೆ ಎಂಬ ಲೆಕ್ಕ, ಯುಟಿಸಿಗಿಂತ 12 ಗಂಟೆ ಹಿಂದೆ. ಅದರ 11:59 ಪಿಎಂ ನಮಗೆ ಮರುದಿನ ಸಂಜೆ 5:29. ಇದಕ್ಕೆ ಬೇಸಿಗೆ, ಚಳಿಗಾಲ ಇಲ್ಲ.